ರಾಜ್ಯಶಾಸ್ತ್ರದ ಪದವಿ: ಸಾಲ ಮತ್ತು ಸಂಪಾದನೆ



ಹನ್ನೆರಡನೆಯ ತರಗತಿಯ ಫಲಿತಾಂಶಗಳು ಪ್ರಕಟವಾಗುವ ಮೇ ಮತ್ತು ಜೂನ್ ತಿಂಗಳುಗಳಲ್ಲಿ ದೇಶದ ಲಕ್ಷಾಂತರ ಮನೆಗಳಲ್ಲಿ ಒಂದೇ ಬಗೆಯ ಸಮಾಲೋಚನೆ ನಡೆಯುತ್ತದೆ. ಮಗನಾಗಲಿ ಮಗಳಾಗಲಿ ಮುಂದೆ ಏನನ್ನು ಓದಬೇಕು, ಎಲ್ಲಿ ಓದಬೇಕು, ಅದಕ್ಕೆ ತಗಲುವ ಹಣ ಎಲ್ಲಿಂದ ಬರಬೇಕು ಎಂಬ ಮೂರು ಪ್ರಶ್ನೆಗಳು ಏಕಕಾಲದಲ್ಲಿ ಎದುರಾಗುತ್ತವೆ. ಎಂಜಿನಿಯರಿಂಗ್, ವೈದ್ಯಕೀಯ ಮುಂತಾದ ವ್ಯಾಸಂಗಗಳ ವಿಷಯದಲ್ಲಿ ಈ ಲೆಕ್ಕಾಚಾರಕ್ಕೆ ಒಂದು ರೂಢಿ ಬೆಳೆದುಬಂದಿದೆ. ಖರ್ಚು ಇಷ್ಟು, ಸಾಲ ಇಷ್ಟು, ಕೆಲಸ ಸಿಕ್ಕರೆ ಸಂಬಳ ಇಷ್ಟು ಎಂದು ಜನ ಬೆರಳೆಣಿಸಿ ಹೇಳುತ್ತಾರೆ. ಆದರೆ ವಿದ್ಯಾರ್ಥಿಯು ರಾಜ್ಯಶಾಸ್ತ್ರವನ್ನು ಓದುವೆನೆಂದಾಗ ಮನೆಯವರಿಂದ ಸಾಮಾನ್ಯವಾಗಿ ಎರಡರಲ್ಲೊಂದು ಉತ್ತರ ಬರುತ್ತದೆ. ‘ಅದನ್ನು ಓದಿ ಯಾರು ಉದ್ಧಾರವಾಗಿದ್ದಾರೆ?’ ಎಂಬುದು ಒಂದು. ‘ಓದಲಿ ಬಿಡಿ, ಐ.ಎ.ಎಸ್. ಆಗಬಹುದು’ ಎಂಬುದು ಇನ್ನೊಂದು. ಮೊದಲನೆಯದು ನಿರಾಶೆಯ ಮಾತು, ಎರಡನೆಯದು ಆಶೆಯ ಮಾತು. ಎರಡರಲ್ಲಿಯೂ ಲೆಕ್ಕವಿಲ್ಲ.

ರಾಜ್ಯಶಾಸ್ತ್ರವು ಕೀಳಾದ ವಿಷಯವೇನಲ್ಲ. ಸಂವಿಧಾನ, ಶಾಸನಸಭೆ, ನ್ಯಾಯಾಂಗ, ಚುನಾವಣೆ, ಸ್ಥಳೀಯ ಸ್ವರಾಜ್ಯ, ವಿದೇಶಾಂಗ ನೀತಿ ಇವುಗಳ ಕ್ರಮಬದ್ಧ ಅಧ್ಯಯನವಿಲ್ಲದೆ ಪ್ರಜಾಪ್ರಭುತ್ವವೊಂದು ತನ್ನನ್ನು ತಾನು ಅರಿಯಲಾರದು. ಆದರೂ ಸಾಲದ ಕಂತನ್ನು ಕೇಳುವ ಬ್ಯಾಂಕಿಗೆ ಈ ಹಿರಿಮೆಯನ್ನು ಒಪ್ಪಿಸಲಾಗದು. ಆದ್ದರಿಂದ ಈ ಉಪನ್ಯಾಸದಲ್ಲಿ ವಿಷಯದ ಹಿರಿಮೆಯನ್ನು ಬದಿಗಿರಿಸಿ, ಅದರ ಪದವಿಗಾಗಿ ಎಷ್ಟು ಸಾಲ ಮಾಡುವುದು ಯುಕ್ತ ಎಂಬ ಪ್ರಶ್ನೆಯನ್ನಷ್ಟೇ ಪರಿಶೀಲಿಸಲಾಗಿದೆ.

ವಿಷಯ ಸ್ಪಷ್ಟವಾಗಲು ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ಕುಂದಾಪುರದ ಕಡೆಯಿಂದ ಬಂದು ಡೊಂಬಿವಲಿಯಲ್ಲಿ ನೆಲೆಸಿದ ಗೃಹಸ್ಥರೊಬ್ಬರು ಮಾಟುಂಗಾದ ಉಪಾಹಾರಗೃಹವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾರೆ. ತಿಂಗಳಿಗೆ 35,000 ರೂಪಾಯಿ, ಎಂದರೆ ವರ್ಷಕ್ಕೆ 4 ಲಕ್ಷ 20 ಸಾವಿರ ರೂಪಾಯಿ ವರಮಾನ. ಮಗಳು ಹನ್ನೆರಡನೆಯ ತರಗತಿಯಲ್ಲಿ ಒಳ್ಳೆಯ ಅಂಕಗಳನ್ನು ಪಡೆದಿದ್ದಾಳೆ, ರಾಜ್ಯಶಾಸ್ತ್ರದಲ್ಲಿ ಬಿ.ಎ. ಮಾಡುವ ಹಂಬಲ ಅವಳದು. ಅವಳ ಮುಂದೆ ಎರಡು ಬಾಗಿಲುಗಳು ತೆರೆದಿವೆ. ಒಂದು, ಮುಂಬಯಿಯ ಅನುದಾನಿತ ಕಾಲೇಜು. ಶುಲ್ಕ ವರ್ಷಕ್ಕೆ 12,000 ರೂಪಾಯಿಯಷ್ಟು. ಮನೆಯಿಂದಲೇ ಲೋಕಲ್ ರೈಲಿನಲ್ಲಿ ಓಡಾಡಬಹುದು. ಇನ್ನೊಂದು, ಹೊರ ರಾಜ್ಯದ ಖಾಸಗಿ ವಿಶ್ವವಿದ್ಯಾಲಯ. ಬೋಧನಾಶುಲ್ಕ, ವಸತಿ, ಊಟ ಎಲ್ಲ ಸೇರಿ ವರ್ಷಕ್ಕೆ ಐದೂಕಾಲು ಲಕ್ಷ. ಅಂದವಾದ ಗ್ರಂಥಾಲಯ, ವಿದೇಶದಲ್ಲಿ ಓದಿ ಬಂದ ಅಧ್ಯಾಪಕರು, ಇಂಗ್ಲಿಷಿನ ವಾತಾವರಣ. ಹುಡುಗಿಯ ಮನಸ್ಸು ಎರಡನೆಯದರ ಕಡೆಗೆ ಎಳೆದರೆ ಅದರಲ್ಲಿ ಆಶ್ಚರ್ಯವಿಲ್ಲ. ಹಣಕ್ಕೆ ಶಿಕ್ಷಣ ಸಾಲವಿದೆಯಲ್ಲ ಎಂಬ ಧೈರ್ಯವೂ ಇದೆ.

ಈ ಧೈರ್ಯ ಎಷ್ಟು ಭದ್ರವಾದುದು ಎಂಬುದನ್ನು ತಿಳಿಯಲು ಶಿಕ್ಷಣ ಸಾಲದ ನಿಯಮಗಳನ್ನು ನೋಡಬೇಕು. ಭಾರತೀಯ ಬ್ಯಾಂಕುಗಳ ಸಂಘವು 2001ರಲ್ಲಿ ರೂಪಿಸಿದ, ಅನಂತರ ಹಲವು ಬಾರಿ ಪರಿಷ್ಕೃತವಾದ ಮಾದರಿ ಶಿಕ್ಷಣ ಸಾಲ ಯೋಜನೆಯೇ ಇಂದಿಗೂ ಬಹುತೇಕ ಬ್ಯಾಂಕುಗಳ ಕ್ರಮಕ್ಕೆ ಆಧಾರ. ಅದರಂತೆ 4 ಲಕ್ಷ ರೂಪಾಯಿಯವರೆಗಿನ ಸಾಲಕ್ಕೆ ಆಸ್ತಿಯ ಅಡಮಾನ ಬೇಕಿಲ್ಲ. ಕುಟುಂಬವು ಕೈಯಿಂದ ಹಾಕಬೇಕಾದ ಪಾಲೂ ಇಲ್ಲ. 4 ಲಕ್ಷವನ್ನು ಮೀರಿದರೆ ದೇಶದೊಳಗಿನ ವ್ಯಾಸಂಗಕ್ಕೆ ವೆಚ್ಚದ ಶೇಕಡಾ 5ರಷ್ಟನ್ನು ಕುಟುಂಬವೇ ಭರಿಸಬೇಕು. 2015ರಲ್ಲಿ ಕೇಂದ್ರ ಸರ್ಕಾರವು ಸಾಲ ಖಾತರಿ ನಿಧಿಯೊಂದನ್ನು ಸ್ಥಾಪಿಸಿ, ಏಳೂವರೆ ಲಕ್ಷದವರೆಗಿನ ಸಾಲಗಳಿಗೆ ಬಾಕಿಯ ಶೇಕಡಾ 75ರಷ್ಟು ಖಾತರಿಯನ್ನು ಒದಗಿಸಿತು. ಆದ್ದರಿಂದ ಆ ಮಿತಿಯವರೆಗೆ ಅಡಮಾನವನ್ನೂ ಮೂರನೆಯವರ ಜಾಮೀನನ್ನೂ ಕೇಳದೆ ಸಾಲ ಕೊಡಲು ಸಾಧ್ಯವಾಯಿತು. ಏಳೂವರೆ ಲಕ್ಷವನ್ನು ದಾಟಿದರೆ ಸಾಮಾನ್ಯವಾಗಿ ಮನೆ, ನಿವೇಶನ ಮೊದಲಾದ ಆಸ್ತಿಯನ್ನು ಅಡವಿಡಬೇಕಾಗುತ್ತದೆ. ಸಾಲ ಎಷ್ಟೇ ಇರಲಿ, ತಂದೆ ಅಥವಾ ತಾಯಿ ಸಹಸಾಲಗಾರರಾಗಿ ರುಜು ಹಾಕುತ್ತಾರೆ. ‘ಮಗಳ ಸಾಲ’ ಎಂದು ರೂಢಿಯಲ್ಲಿ ಕರೆದರೂ ಕಾನೂನಿನ ಕಣ್ಣಿಗೆ ಅದು ಇಬ್ಬರ ಸಾಲ. ಕಂತು ತಪ್ಪಿ 90 ದಿನಗಳು ಕಳೆದರೆ ಖಾತೆ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ಆ ಕಪ್ಪುಗುರುತು ಇಬ್ಬರ ಹೆಸರಿಗೂ ತಗಲುತ್ತದೆ.

ಮರುಪಾವತಿ ಆರಂಭವಾಗುವುದು ವ್ಯಾಸಂಗ ಮುಗಿದ ಒಂದು ವರ್ಷದ ಅನಂತರ. ತೀರಿಸಲು ಗರಿಷ್ಠ 15 ವರ್ಷಗಳ ಅವಧಿ. ಇದನ್ನು ಕೇಳಿದವರು ಓದುವ ಕಾಲದಲ್ಲಿ ಬಡ್ಡಿಯೇ ಇಲ್ಲವೆಂದು ಭಾವಿಸುವುದುಂಟು. ಅದು ತಪ್ಪು ತಿಳಿವಳಿಕೆ. ಓದುವ ಅವಧಿಯಲ್ಲಿಯೂ ಬಡ್ಡಿ ಬೆಳೆಯುತ್ತಿರುತ್ತದೆ. ಆಗ ಅದು ಸರಳ ಬಡ್ಡಿ, ಅಷ್ಟೆ. ಕಂತು ಆರಂಭವಾಗುವ ದಿನ ಆ ಬಡ್ಡಿಯೆಲ್ಲ ಅಸಲಿಗೆ ಸೇರಿ, ಅಲ್ಲಿಂದ ಮುಂದೆ ಬಡ್ಡಿಯ ಮೇಲೂ ಬಡ್ಡಿ ನಡೆಯುತ್ತದೆ.

ಅಂಕಿಗಳಲ್ಲಿಯೇ ಇದನ್ನು ನೋಡಬಹುದು. ಬಡ್ಡಿಯ ದರ ಬ್ಯಾಂಕಿನಿಂದ ಬ್ಯಾಂಕಿಗೆ, ಕಾಲದಿಂದ ಕಾಲಕ್ಕೆ ಬದಲಾಗುವುದರಿಂದ ಲೆಕ್ಕದ ಸೌಕರ್ಯಕ್ಕಾಗಿ ಶೇಕಡಾ 10 ಎಂದು ಇಟ್ಟುಕೊಳ್ಳಲಾಗಿದೆ. ಮೂರು ವರ್ಷದ ಪದವಿಗೆ 4 ಲಕ್ಷ ರೂಪಾಯಿಯನ್ನು ವರ್ಷಾರಂಭದಲ್ಲಿ ಮೂರು ಸಮಭಾಗಗಳಲ್ಲಿ ಪಡೆದರೆ, ಮೊದಲ ಭಾಗಕ್ಕೆ ನಾಲ್ಕು ವರ್ಷ, ಎರಡನೆಯದಕ್ಕೆ ಮೂರು ವರ್ಷ, ಮೂರನೆಯದಕ್ಕೆ ಎರಡು ವರ್ಷ ಬಡ್ಡಿ ಬೆಳೆಯುತ್ತದೆ. ಒಟ್ಟು 1 ಲಕ್ಷ 20 ಸಾವಿರ. ಕಂತು ಆರಂಭವಾಗುವಾಗ ಸಾಲ 4 ಲಕ್ಷವಲ್ಲ, 5 ಲಕ್ಷ 20 ಸಾವಿರ. ಅದನ್ನು ಹತ್ತು ವರ್ಷಗಳಲ್ಲಿ ತೀರಿಸುವುದಾದರೆ ತಿಂಗಳಿಗೆ ಸುಮಾರು 6,870 ರೂಪಾಯಿ. ಕೊನೆಗೆ ಕಟ್ಟಿದ ಒಟ್ಟು ಹಣ ಸುಮಾರು 8 ಲಕ್ಷ 25 ಸಾವಿರ. ಕಂತು ಭಾರವೆನಿಸಿ ಅವಧಿಯನ್ನು 15 ವರ್ಷಕ್ಕೆ ಎಳೆದರೆ ತಿಂಗಳಿಗೆ ಸುಮಾರು 5,590ಕ್ಕೆ ಇಳಿಯುತ್ತದೆ, ಒಟ್ಟು ಪಾವತಿ ಮಾತ್ರ 10 ಲಕ್ಷವನ್ನು ದಾಟುತ್ತದೆ. ಇದರ ಬದಲು ಓದುವ ಕಾಲದಲ್ಲಿಯೇ ಬಡ್ಡಿಯನ್ನಷ್ಟು ಕಟ್ಟುತ್ತ ಬಂದರೆ, ಎಂದರೆ ಮೊದಲ ವರ್ಷ ತಿಂಗಳಿಗೆ ಸುಮಾರು 1,100, ಎರಡನೆಯ ವರ್ಷ 2,200, ಅನಂತರ 3,300 ರೂಪಾಯಿಯಂತೆ ಕಟ್ಟಿದರೆ, ಹತ್ತು ವರ್ಷದ ಕಂತು 5,290 ರೂಪಾಯಿಯ ಸುಮಾರಿಗೆ ನಿಲ್ಲುತ್ತದೆ. ಹೀಗೆ ಬಡ್ಡಿ ಕಟ್ಟುವವರಿಗೆ ದರದಲ್ಲಿ ಶೇಕಡಾ 1ರ ರಿಯಾಯಿತಿಯನ್ನು ಕೊಡಲು ಮಾದರಿ ಯೋಜನೆಯಲ್ಲಿ ಅವಕಾಶವಿದೆ. ಕೆಲವು ಸಾರ್ವಜನಿಕ ವಲಯದ ಬ್ಯಾಂಕುಗಳು ವಿದ್ಯಾರ್ಥಿನಿಯರಿಗೆ ಅರ್ಧ ಶೇಕಡಾ ಕಡಿಮೆ ಮಾಡುವುದೂ ಉಂಟು. ಕೇಳದೆ ಸಿಗುವ ರಿಯಾಯಿತಿಗಳು ವಿರಳ; ಅರ್ಜಿ ಕೊಡುವಾಗಲೇ ವಿಚಾರಿಸುವುದು ಮೇಲು.

ಕಲಾವಿಭಾಗದ ವಿದ್ಯಾರ್ಥಿಗಳ ಪೋಷಕರು ಬಹುಮಟ್ಟಿಗೆ ಗಮನಿಸದ ಒಂದು ಸಂಗತಿ ಇಲ್ಲಿದೆ. ಕೇಂದ್ರ ಸರ್ಕಾರವು 2009ರಲ್ಲಿ ಬಡ್ಡಿ ಸಹಾಯಧನ ಯೋಜನೆಯನ್ನು ಜಾರಿಗೆ ತಂದಿತು. ವಾರ್ಷಿಕ ವರಮಾನ ನಾಲ್ಕೂವರೆ ಲಕ್ಷದೊಳಗಿರುವ ಕುಟುಂಬಗಳ ಮಕ್ಕಳಿಗೆ, ವ್ಯಾಸಂಗ ಮತ್ತು ಅನಂತರದ ಒಂದು ವರ್ಷದ ಪೂರ್ಣ ಬಡ್ಡಿಯನ್ನು ಸರ್ಕಾರವೇ ಭರಿಸುವ ಏರ್ಪಾಡು ಅದು. ಆದರೆ ಅದು ಅನ್ವಯಿಸುವುದು ತಾಂತ್ರಿಕ ಮತ್ತು ವೃತ್ತಿಪರ ವ್ಯಾಸಂಗಗಳಿಗೆ ಮಾತ್ರ. ಸಾಮಾನ್ಯ ಬಿ.ಎ. ಪದವಿ ಅದರ ವ್ಯಾಪ್ತಿಗೆ ಬರುವುದಿಲ್ಲ. ಡೊಂಬಿವಲಿಯ ಒಂದೇ ಕಟ್ಟಡದಲ್ಲಿ, ಒಂದೇ ವರಮಾನದ ಎರಡು ಮನೆಗಳಿದ್ದು, ಒಂದು ಮನೆಯ ಹುಡುಗ ಅರ್ಹ ಸಂಸ್ಥೆಯಲ್ಲಿ ಎಂಜಿನಿಯರಿಂಗ್ ಓದಿದರೆ ಅವನ ನಾಲ್ಕೈದು ವರ್ಷದ ಬಡ್ಡಿ ಸರ್ಕಾರದ್ದು. ಪಕ್ಕದ ಮನೆಯ ಹುಡುಗಿ ರಾಜ್ಯಶಾಸ್ತ್ರ ಓದಿದರೆ ಅವಳ ಬಡ್ಡಿ ಅವಳದೇ. ಇದು ನ್ಯಾಯವೇ ಎಂದು ಚರ್ಚಿಸಲು ಅವಕಾಶವಿದೆ. ಬ್ಯಾಂಕಿಗೆ ಹೋಗುವ ಮುನ್ನ ಮಾತ್ರ ಇದನ್ನು ಇದ್ದಂತೆಯೇ ಲೆಕ್ಕಕ್ಕೆ ಹಿಡಿಯಬೇಕು.

2024ರ ನವೆಂಬರ್ 6ರಂದು ಕೇಂದ್ರ ಸಚಿವ ಸಂಪುಟವು ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯು ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುತ್ತದೆ. ರಾಷ್ಟ್ರೀಯ ಶ್ರೇಯಾಂಕದ ಆಧಾರದ ಮೇಲೆ ಆಯ್ದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಅರ್ಹತೆಯಿಂದ ಪ್ರವೇಶ ಪಡೆದವರಿಗೆ, ಅವರು ಯಾವುದೇ ವಿಷಯ ಓದುತ್ತಿರಲಿ, ಅಡಮಾನವೂ ಜಾಮೀನೂ ಇಲ್ಲದೆ ಸಾಲ ದೊರೆಯುತ್ತದೆ. ಆರಂಭದಲ್ಲಿ ಇಂತಹ ಸಂಸ್ಥೆಗಳ ಸಂಖ್ಯೆ 860. ವರಮಾನ 8 ಲಕ್ಷದೊಳಗಿದ್ದು, ಬೇರೆ ಸರ್ಕಾರಿ ವಿದ್ಯಾರ್ಥಿವೇತನವನ್ನಾಗಲಿ ಬಡ್ಡಿ ಸಹಾಯವನ್ನಾಗಲಿ ಪಡೆಯದಿರುವವರಿಗೆ, 10 ಲಕ್ಷದವರೆಗಿನ ಸಾಲದ ಮೇಲೆ ವಿರಾಮಾವಧಿಯಲ್ಲಿ ಶೇಕಡಾ 3ರ ಬಡ್ಡಿ ರಿಯಾಯಿತಿ ಉಂಟು. ಆದರೆ ಈ ರಿಯಾಯಿತಿ ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳಿಗೆ ಸೀಮಿತ. ಸರ್ಕಾರಿ ಸಂಸ್ಥೆಗಳಲ್ಲಿ ಓದುವವರಿಗೂ ತಾಂತ್ರಿಕ, ವೃತ್ತಿಪರ ವ್ಯಾಸಂಗದವರಿಗೂ ಆದ್ಯತೆ. ಮೇಲೆ ಹೇಳಿದ 4 ಲಕ್ಷದ ಸಾಲಕ್ಕೆ ಇದು ದೊರೆತರೆ ಉಳಿಯುವುದು 36,000 ರೂಪಾಯಿ. ಸಣ್ಣ ಮೊತ್ತವೇನಲ್ಲ, ಆದರೆ ಇಡೀ ಲೆಕ್ಕವನ್ನು ಬದಲಿಸುವಷ್ಟು ದೊಡ್ಡದೂ ಅಲ್ಲ. ಸೇರಬೇಕೆಂದಿರುವ ಸಂಸ್ಥೆ ಈ ಪಟ್ಟಿಯಲ್ಲಿದೆಯೇ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ನೋಡಿಕೊಳ್ಳಬೇಕು. ಹೆಸರಿನ ಮುಂದೆ ‘ವಿಶ್ವವಿದ್ಯಾಲಯ’ ಎಂದಿದ್ದ ಮಾತ್ರಕ್ಕೆ ಅದು ಪಟ್ಟಿಯಲ್ಲಿರಬೇಕೆಂದಿಲ್ಲ.

ಸಾಲಕ್ಕಿಂತ ಮೊದಲು ನೋಡಬೇಕಾದದ್ದು ವಿದ್ಯಾರ್ಥಿವೇತನ. ಕಾಲೇಜು ಮತ್ತು ವಿಶ್ವವಿದ್ಯಾಲಯ ವಿದ್ಯಾರ್ಥಿಗಳಿಗಾಗಿರುವ ಕೇಂದ್ರ ವಲಯದ ಯೋಜನೆಯಲ್ಲಿ ವರ್ಷಕ್ಕೆ 82,000 ಹೊಸ ವಿದ್ಯಾರ್ಥಿವೇತನಗಳುಂಟು. ಪದವಿಯ ಮೂರು ವರ್ಷಗಳಲ್ಲಿ ವರ್ಷಕ್ಕೆ 12,000 ರೂಪಾಯಿ, ಸ್ನಾತಕೋತ್ತರದಲ್ಲಿ 20,000. ಅರ್ಧದಷ್ಟು ಹುಡುಗಿಯರಿಗೆ ಮೀಸಲು. ಇಲ್ಲಿಯೂ ವಿಜ್ಞಾನ, ವಾಣಿಜ್ಯ, ಕಲಾ ವಿಭಾಗಗಳಿಗೆ 3:2:1ರ ಅನುಪಾತವಿರುವುದರಿಂದ ಕಲಾವಿಭಾಗದವರ ಪಾಲು ಆರರಲ್ಲಿ ಒಂದು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ, ವರಮಾನ ಎರಡೂವರೆ ಲಕ್ಷದೊಳಗಿದ್ದರೆ, ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಬೇರೆ ಇದೆ.

ಇನ್ನು ಸಂಪಾದನೆಯ ಮಾತು. ರಾಜ್ಯಶಾಸ್ತ್ರದ ಪದವಿಗೆ ಇಂಥದೇ ಸಂಬಳ ಎಂದು ಹೇಳಬರುವುದಿಲ್ಲ. ಕಾರಣವಿಷ್ಟೆ: ಈ ಪದವಿಯು ತಾನಾಗಿ ಯಾವ ಉದ್ಯೋಗಕ್ಕೂ ಕೊಂಡೊಯ್ಯುವುದಿಲ್ಲ. ಅದು ಮೊದಲ ಮೆಟ್ಟಿಲು. ಸಂಬಳವಿರುವುದು ಎರಡನೆಯ ಮೆಟ್ಟಿಲಿನಲ್ಲಿ, ಕೆಲವೊಮ್ಮೆ ಮೂರನೆಯದರಲ್ಲಿ. ಕಾನೂನು, ಶಿಕ್ಷಕ ತರಬೇತಿ, ಸ್ನಾತಕೋತ್ತರ ಪದವಿ, ಸ್ಪರ್ಧಾತ್ಮಕ ಪರೀಕ್ಷೆ, ಪತ್ರಿಕೋದ್ಯಮ ಇವೇ ಆ ಮೆಟ್ಟಿಲುಗಳು. ಮೊದಲ ಮೆಟ್ಟಿಲಿಗೇ ಕುಟುಂಬದ ಸಾಲಶಕ್ತಿಯೆಲ್ಲ ತೀರಿಹೋದರೆ ಎರಡನೆಯದನ್ನು ಹತ್ತಲು ಬಲವಿರುವುದಿಲ್ಲ. ಈ ಪದವಿಯ ಸಾಲದಲ್ಲಿರುವ ನಿಜವಾದ ಅಪಾಯ ಇದು. ಬಿ.ಎ. ಮುಗಿಸಿ ಕಂತಿನ ಒತ್ತಡದಿಂದ ಸಿಕ್ಕ ಕೆಲಸಕ್ಕೆ ಸೇರಿ, ಕಾನೂನು ಓದುವ ಆಸೆಯನ್ನು ಅಲ್ಲಿಗೇ ಬಿಡುವ ಸ್ಥಿತಿ ಬಂದರೆ, ಸಾಲವು ವಿದ್ಯೆಗೆ ನೆರವಾಗುವ ಬದಲು ವಿದ್ಯೆಯನ್ನು ನಡುವೆಯೇ ನಿಲ್ಲಿಸಿದಂತಾಗುತ್ತದೆ.

ನಾಗರಿಕ ಸೇವಾ ಪರೀಕ್ಷೆಯನ್ನು ಮೊದಲು ನೋಡಬಹುದು, ಏಕೆಂದರೆ ಅತಿಹೆಚ್ಚು ಸಾಲಗಳಿಗೆ ಸಮರ್ಥನೆಯಾಗಿ ಬರುವುದು ಅದೇ ಹೆಸರು. 2023ರ ಪರೀಕ್ಷೆಗೆ ಅರ್ಜಿ ಹಾಕಿದವರು 10,16,850 ಮಂದಿ. ಪ್ರಾಥಮಿಕ ಪರೀಕ್ಷೆಗೆ ಕುಳಿತವರು 5,92,141. ಮುಖ್ಯ ಪರೀಕ್ಷೆಗೆ ಅರ್ಹರಾದವರು 14,624. ಸಂದರ್ಶನಕ್ಕೆ ಬಂದವರು 2,855. ಕೊನೆಗೆ ಆಯ್ಕೆಯಾದವರು 1,016. ಎಂದರೆ ಕುಳಿತ ಸಾವಿರ ಮಂದಿಯಲ್ಲಿ ಇಬ್ಬರೂ ಅಲ್ಲ. ಆಯ್ಕೆಯಾದವರಿಗೆ ಏಳನೆಯ ವೇತನ ಆಯೋಗದ ಶ್ರೇಣಿಯಲ್ಲಿ ಆರಂಭದ ಮೂಲವೇತನ 56,100 ರೂಪಾಯಿ; ಗೌರವವಂತೂ ಅಪಾರ. ಆದರೆ ಈ ಪರೀಕ್ಷೆಗೆ ಯಾವುದೇ ಮಾನ್ಯ ಪದವಿ ಸಾಕು. ರಾಜ್ಯಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಸಂಬಂಧಗಳನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಳ್ಳಲು ಅದರಲ್ಲಿ ಬಿ.ಎ. ಮಾಡಿರಬೇಕೆಂಬ ನಿಯಮವೂ ಇಲ್ಲ; ಎಂಜಿನಿಯರುಗಳೂ ವೈದ್ಯರೂ ಅದನ್ನು ತೆಗೆದುಕೊಳ್ಳುತ್ತಾರೆ. ಆದ್ದರಿಂದ ಆ ಪರೀಕ್ಷೆಯ ನೆಪದಲ್ಲಿ ದುಬಾರಿ ಬಿ.ಎ. ಪದವಿಯ ಸಾಲವನ್ನು ಸಮರ್ಥಿಸಲು ಬರುವುದಿಲ್ಲ. ಮೇಲಾಗಿ ದೆಹಲಿಯ ಮುಖರ್ಜಿನಗರ, ಹಳೆಯ ರಾಜೇಂದ್ರನಗರಗಳಲ್ಲಿ ಕೊಠಡಿ ಹಿಡಿದು ತರಬೇತಿ ಪಡೆಯುವ ವೆಚ್ಚಕ್ಕೆ ಈ ಶಿಕ್ಷಣ ಸಾಲ ಒದಗುವುದಿಲ್ಲ. ಅದಕ್ಕೆ ಮನೆಯ ಉಳಿತಾಯವೇ ಬೇಕು.

ಸಿಬ್ಬಂದಿ ನೇಮಕಾತಿ ಆಯೋಗದ ಪದವೀಧರ ಮಟ್ಟದ ಪರೀಕ್ಷೆ ಇದಕ್ಕಿಂತ ನೆಲಕ್ಕೆ ಹತ್ತಿರವಾದದ್ದು. ಅದರ ಮೂಲಕ ತುಂಬುವ ಹುದ್ದೆಗಳಿಗೆ ಅದೇ ಶ್ರೇಣಿಯಲ್ಲಿ ಮೂಲವೇತನ 25,500 ರೂಪಾಯಿಯಿಂದ ಆರಂಭವಾಗುತ್ತದೆ. ಬ್ಯಾಂಕುಗಳ ನೇಮಕಾತಿಗೂ ಪದವಿ ಸಾಕು. ಈ ಪರೀಕ್ಷೆಗಳಲ್ಲಿ ಕಾಲೇಜಿನ ಹೆಸರಿಗೆ ಒಂದು ಅಂಕವೂ ಇಲ್ಲವೆಂಬುದು ನೆನಪಿಡತಕ್ಕ ವಿಷಯ. ಹನ್ನೆರಡು ಸಾವಿರದ ಶುಲ್ಕ ಕಟ್ಟಿದವನೂ ಐದು ಲಕ್ಷದ ಶುಲ್ಕ ಕಟ್ಟಿದವನೂ ಅಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಾರೆ.

ಶಿಕ್ಷಕ ವೃತ್ತಿಯ ಬಗ್ಗೆ ಒಂದು ಸಣ್ಣ ಸಂಗತಿ. ಕೇಂದ್ರೀಯ ವಿದ್ಯಾಲಯಗಳಲ್ಲಿ ಸಮಾಜ ವಿಜ್ಞಾನದ ಪದವೀಧರ ಶಿಕ್ಷಕರಾಗಲು ಬಿ.ಎಡ್. ಮತ್ತು ಅರ್ಹತಾ ಪರೀಕ್ಷೆಯಲ್ಲದೆ, ಪದವಿಯಲ್ಲಿ ಇತಿಹಾಸ, ಭೂಗೋಳ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಇವುಗಳಲ್ಲಿ ಎರಡನ್ನು ಓದಿರಬೇಕು. ಆ ಎರಡರಲ್ಲಿ ಒಂದು ಇತಿಹಾಸ ಅಥವಾ ಭೂಗೋಳವೇ ಆಗಿರಬೇಕು. ಆ ಹುದ್ದೆಯ ಮೂಲವೇತನ 44,900 ರೂಪಾಯಿ. ರಾಜ್ಯಶಾಸ್ತ್ರದ ಜೊತೆಗೆ ಅರ್ಥಶಾಸ್ತ್ರವನ್ನಷ್ಟೇ ಓದಿದವರಿಗೆ ಈ ಬಾಗಿಲು ಮುಚ್ಚಿಹೋಗುತ್ತದೆ. ಪ್ರವೇಶದ ದಿನ ಎರಡನೆಯ ವಿಷಯವನ್ನು ಆರಿಸುವಾಗ ಐದು ನಿಮಿಷ ಯೋಚಿಸಿದರೆ ತಪ್ಪಿಸಬಹುದಾದ ನಷ್ಟವಿದು. ಇದಕ್ಕೆ ಒಂದು ಪೈಸೆಯ ಸಾಲವೂ ಬೇಕಿಲ್ಲ.

ಸಂಶೋಧನೆ ಮತ್ತು ಕಾಲೇಜು ಅಧ್ಯಾಪನದ ದಾರಿ ದೀರ್ಘವಾದುದು. ಬಿ.ಎ. ಬಳಿಕ ಎರಡು ವರ್ಷದ ಎಂ.ಎ., ಅನಂತರ ರಾಷ್ಟ್ರೀಯ ಅರ್ಹತಾ ಪರೀಕ್ಷೆ. ಅದರಲ್ಲಿ ಕಿರಿಯ ಸಂಶೋಧನಾ ವೇತನಕ್ಕೆ ಆಯ್ಕೆಯಾದವರ ಮಾಸಿಕ ವೇತನವನ್ನು 2023ರ ಜನವರಿ 1ರಿಂದ 31,000ದಿಂದ 37,000ಕ್ಕೆ ಏರಿಸಲಾಯಿತು. ಎರಡು ವರ್ಷಗಳ ಬಳಿಕ 42,000. ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲವೇತನ 57,700. ಕೇಳಲು ಹಿತವಾದ ಅಂಕಿಗಳಿವು. ಆದರೆ ಆಯ್ಕೆಯಾಗದ ಬಹುಸಂಖ್ಯಾತರು ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ಕಳೆಯುತ್ತಾರೆ. ವಿಶ್ವವಿದ್ಯಾಲಯ ಅನುದಾನ ಆಯೋಗವು 2019ರಲ್ಲಿ ಒಂದು ಉಪನ್ಯಾಸಕ್ಕೆ 1,500ರಂತೆ, ತಿಂಗಳಿಗೆ 50,000 ಮೀರದಂತೆ ಗೌರವಧನವನ್ನು ನಿಗದಿಪಡಿಸಿತು. ಕರ್ನಾಟಕದ ಸರ್ಕಾರಿ ಪ್ರಥಮದರ್ಜೆ ಕಾಲೇಜುಗಳಲ್ಲಿ ಪೂರ್ಣ ಅರ್ಹತೆಯಿದ್ದವರಿಗೂ ತಿಂಗಳಿಗೆ 13,000 ರೂಪಾಯಿಯಷ್ಟೇ ಇತ್ತು. ದೀರ್ಘ ಹೋರಾಟದ ಬಳಿಕ 2022ರ ಜನವರಿಯಲ್ಲಿ ಅದನ್ನು ಗರಿಷ್ಠ 32,000ಕ್ಕೆ ಏರಿಸಲಾಯಿತು. ಬಿ.ಎ. ಸಾಲವನ್ನು ಹೊತ್ತು ಈ ದಾರಿಗೆ ಇಳಿದವರಿಗೆ, ಮುಂದಿನ ವ್ಯಾಸಂಗದ ಕಾರಣದಿಂದ ಕಂತನ್ನು ಬ್ಯಾಂಕು ಮುಂದೂಡಿದರೂ ಬಡ್ಡಿ ನಿಲ್ಲುವುದಿಲ್ಲ. ಹಾಗೆಂದು ಈ ದಾರಿಯೇ ಬೇಡವೆಂದಲ್ಲ. ಸಾಲವಿಲ್ಲದೆ ಇಲ್ಲಿಗೆ ಬಂದವರು ಕಾಯಬಲ್ಲರು. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಎಂ.ಎ. ವ್ಯಾಸಂಗದ ಶುಲ್ಕ ಸಾಮಾನ್ಯವಾಗಿ ಕಡಿಮೆ. ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದಲ್ಲಿ 2019ರವರೆಗೆ ಒಬ್ಬರ ವಸತಿ ಕೊಠಡಿಯ ಬಾಡಿಗೆ ತಿಂಗಳಿಗೆ 20 ರೂಪಾಯಿಯಿತ್ತು. ಅದನ್ನು 600ಕ್ಕೆ ಏರಿಸಲು ಹೊರಟಾಗ ದೊಡ್ಡ ಚಳವಳಿಯೇ ನಡೆಯಿತು. ಬಡ ಮನೆಗಳ ಮಕ್ಕಳಿಗೆ ಆ 20 ರೂಪಾಯಿಯ ಬೆಲೆ ಎಷ್ಟಿತ್ತೆಂಬುದು ಆ ಚಳವಳಿಯಿಂದ ಹೊರಗಿನವರಿಗೂ ತಿಳಿಯಿತು. ಸ್ನಾತಕೋತ್ತರ ವ್ಯಾಸಂಗಕ್ಕೆ ವಿಶ್ವವಿದ್ಯಾಲಯ ಅನುದಾನ ಆಯೋಗದ ರಾಷ್ಟ್ರೀಯ ವಿದ್ಯಾರ್ಥಿವೇತನವೂ ಇದೆ: ತಿಂಗಳಿಗೆ 15,000 ರೂಪಾಯಿ, ವರ್ಷದಲ್ಲಿ ಹತ್ತು ತಿಂಗಳು, ಹತ್ತು ಸಾವಿರ ಮಂದಿಗೆ.

ಕಾನೂನಿನ ವಿಷಯ ಸ್ವಲ್ಪ ಭಿನ್ನ. ರಾಜ್ಯಶಾಸ್ತ್ರದ ಪದವೀಧರರಿಗೆ ಮೂರು ವರ್ಷದ ಎಲ್‌ಎಲ್.ಬಿ. ಸಹಜವಾದ ಮುಂದಿನ ಹೆಜ್ಜೆ. ಇಲ್ಲವೇ ಹನ್ನೆರಡನೆಯ ತರಗತಿಯಾದೊಡನೆ ಐದು ವರ್ಷದ ಬಿ.ಎ., ಎಲ್‌ಎಲ್.ಬಿ. ಸಂಯುಕ್ತ ಪದವಿಗೆ ಸೇರಬಹುದು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯು 1988ರಲ್ಲಿ ಆರಂಭಿಸಿದ ಐದು ವರ್ಷದ ಪದ್ಧತಿಯೇ ಮುಂದೆ ಇತರ ರಾಜ್ಯಗಳ ಕಾನೂನು ವಿಶ್ವವಿದ್ಯಾಲಯಗಳಿಗೆ ಮೇಲ್ಪಂಕ್ತಿಯಾಯಿತು. ಈ ಸಂಯುಕ್ತ ಪದವಿಯಲ್ಲಿಯೂ ರಾಜ್ಯಶಾಸ್ತ್ರವನ್ನು ಓದುತ್ತಾರೆ. ಆದರೆ ಪದವಿ ವೃತ್ತಿಪರವಾದುದರಿಂದ, ಸಂಸ್ಥೆಯ ಅರ್ಹತೆ ಮತ್ತು ವರಮಾನದ ಮಿತಿ ಸರಿಯಿದ್ದಲ್ಲಿ, ಪೂರ್ಣ ಬಡ್ಡಿ ಸಹಾಯಕ್ಕೆ ಅರ್ಜಿ ಹಾಕುವ ದಾರಿ ತೆರೆಯುತ್ತದೆ. ಅದೇ ಪುಸ್ತಕವನ್ನು ಓದಿದರೂ ಪದವಿಯ ಹೆಸರಿನಿಂದ ಬಡ್ಡಿಯ ಭಾರ ಬದಲಾಗುವ ವಿಚಿತ್ರವಿದು.

ಇನ್ನೊಂದು ಆಯ್ಕೆ ನಾಲ್ಕನೆಯ ವರ್ಷದ್ದು. ಹೊಸ ಶಿಕ್ಷಣ ನೀತಿಯ ಅನ್ವಯ ದೆಹಲಿ ವಿಶ್ವವಿದ್ಯಾಲಯವು 2022-23ರಿಂದ ನಾಲ್ಕು ವರ್ಷದ ಪದವಿಯನ್ನು ಆರಂಭಿಸಿತು. ಮೂರನೆಯ ವರ್ಷದಲ್ಲಿಯೇ ಪದವಿ ಪಡೆದು ಹೊರಬರಲು ಅಲ್ಲಿ ಅವಕಾಶವಿದೆ. ಕರ್ನಾಟಕವು 2021ರಲ್ಲಿ ಇದನ್ನು ಅಳವಡಿಸಿಕೊಂಡು, 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಸಂಶೋಧನೆಯ ಉದ್ದೇಶವಿಲ್ಲದವರು ಸಾಲದ ಹಣದಲ್ಲಿ ನಾಲ್ಕನೆಯ ವರ್ಷ ಓದುವುದಕ್ಕೆ ಬಲವಾದ ಕಾರಣ ಬೇಕು.

ಹಾಗಾದರೆ ಡೊಂಬಿವಲಿಯ ಆ ಮನೆಯ ಲೆಕ್ಕವೇನು? ಐದೂಕಾಲು ಲಕ್ಷದಂತೆ ಮೂರು ವರ್ಷಕ್ಕೆ ಹದಿನೈದು ಮುಕ್ಕಾಲು ಲಕ್ಷ. ಶೇಕಡಾ 5ನ್ನು ಕೈಯಿಂದ ಹಾಕಿದರೆ ಸಾಲ ಸುಮಾರು 15 ಲಕ್ಷ. ಆ ವಿಶ್ವವಿದ್ಯಾಲಯ ವಿದ್ಯಾಲಕ್ಷ್ಮಿಯ ಪಟ್ಟಿಯಲ್ಲಿ ಇಲ್ಲವೆಂದಿಟ್ಟುಕೊಂಡರೆ ಊರಿನ ಮನೆಜಾಗದ ಪತ್ರವನ್ನು ಬ್ಯಾಂಕಿಗೆ ಒಪ್ಪಿಸಬೇಕು. ಓದುವ ಕಾಲದ ಬಡ್ಡಿ ನಾಲ್ಕೂವರೆ ಲಕ್ಷ ಸೇರಿ, ಕಂತು ಆರಂಭವಾಗುವಾಗ ಸಾಲ ಹತ್ತೊಂಬತ್ತೂವರೆ ಲಕ್ಷವಾಗಿರುತ್ತದೆ. ಹತ್ತು ವರ್ಷಕ್ಕೆ ತಿಂಗಳ ಕಂತು ಸುಮಾರು 25,770 ರೂಪಾಯಿ. ಹದಿನೈದು ವರ್ಷಕ್ಕಾದರೆ ಸುಮಾರು 20,950, ಒಟ್ಟು ಪಾವತಿ ಮೂವತ್ತೇಳೂವರೆ ಲಕ್ಷಕ್ಕೂ ಮಿಗಿಲು. ಇಪ್ಪತ್ತೆರಡು ವರ್ಷದ ಹುಡುಗಿ ತಿಂಗಳಿಗೆ 25,000 ರೂಪಾಯಿಯ ಕೆಲಸ ಹಿಡಿದರೂ ದೀರ್ಘಾವಧಿಯ ಕಂತು ಕಟ್ಟಿದ ಮೇಲೆ ಕೈಯಲ್ಲುಳಿಯುವುದು ನಾಲ್ಕು ಸಾವಿರ. ಕೆಲಸ ತಡವಾದರೆ ತಂದೆಯ ಸಂಬಳದಲ್ಲಿ ಅರ್ಧಕ್ಕಿಂತ ಹೆಚ್ಚು ಅದಕ್ಕೇ ಹೋಗುತ್ತದೆ. ಶಿಕ್ಷಣ ಸಾಲದ ಬಡ್ಡಿಗೆ ಎಂಟು ವರ್ಷಗಳವರೆಗೆ ಆದಾಯ ತೆರಿಗೆಯ ವಿನಾಯಿತಿ ಉಂಟೆಂದು ಸಮಾಧಾನ ಹೇಳುವವರಿದ್ದಾರೆ. ಅದು ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ. ವರ್ಷಕ್ಕೆ 3 ಲಕ್ಷ ಗಳಿಸುವವರಿಗೆ ತೆರಿಗೆಯೇ ಬೀಳದಿರುವಾಗ ಆ ವಿನಾಯಿತಿಯಿಂದ ಬರುವುದೇನೂ ಇಲ್ಲ.

ಖಾಸಗಿ ವಿಶ್ವವಿದ್ಯಾಲಯದ ಪರವಾಗಿಯೂ ಹೇಳಬೇಕಾದ ಮಾತಿದೆ. ಒಳ್ಳೆಯ ಅಧ್ಯಾಪಕರು, ಸಹಪಾಠಿಗಳ ಬಳಗ, ಬರೆಯುವ ಮತ್ತು ವಾದಿಸುವ ಶಿಸ್ತು ಇವುಗಳಿಂದ ಕೆಲವರ ಬದುಕಿನ ದಿಕ್ಕೇ ಬದಲಾಗಿರುವುದುಂಟು. ಅಂತಹ ಕೆಲವು ಸಂಸ್ಥೆಗಳು ಕುಟುಂಬದ ವರಮಾನವನ್ನು ನೋಡಿ ಶುಲ್ಕದ ಬಹುಭಾಗವನ್ನು ಮನ್ನಾ ಮಾಡುತ್ತವೆ. ಹಾಗೆ ಆಗಿ ಸಾಲವು ಮೂರು ನಾಲ್ಕು ಲಕ್ಷಕ್ಕೆ ಇಳಿದರೆ ಪ್ರಶ್ನೆಯ ಸ್ವರೂಪವೇ ಬೇರೆ. ಮನ್ನಾ ಆಗುವ ಮೊತ್ತ, ಅದು ಎಷ್ಟು ವರ್ಷದ್ದು, ಅಂಕ ಕಡಿಮೆಯಾದರೆ ನಿಲ್ಲುತ್ತದೆಯೇ ಎಂಬುದೆಲ್ಲ ಬರಹದಲ್ಲಿರಬೇಕು. ದೂರವಾಣಿಯಲ್ಲಿ ಕೊಟ್ಟ ಭರವಸೆಯನ್ನು ಬ್ಯಾಂಕು ಒಪ್ಪುವುದಿಲ್ಲ.

ಮುಂಬಯಿಯ ಕನ್ನಡಿಗರಿಗೆ ಸಾಲವಿಲ್ಲದ ವಿದ್ಯೆಯ ಕಥೆ ಹೊಸದಲ್ಲ. ಹಗಲು ಹೋಟೆಲುಗಳಲ್ಲಿ ದುಡಿದು, ಇರುಳು ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದ ತಲೆಮಾರೊಂದು ಅಲ್ಲಿತ್ತು. ಆ ಕಷ್ಟವನ್ನು ಇಂದಿನ ಮಕ್ಕಳೂ ಪಡಬೇಕೆಂದು ಯಾರೂ ಹೇಳಲಾರರು. ಆದರೆ 1985ರಲ್ಲಿ ಸ್ಥಾಪನೆಯಾದ ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಉದ್ಯೋಗ ಮಾಡುತ್ತಲೇ ರಾಜ್ಯಶಾಸ್ತ್ರದ ಎಂ.ಎ. ಮುಗಿಸುವವರು ಇಂದಿಗೂ ಇದ್ದಾರೆ. ಅವರ ಲೆಕ್ಕದ ಪುಸ್ತಕದಲ್ಲಿ ಸಾಲದ ಪುಟ ಖಾಲಿ.

ಊರಿನಿಂದ ಹುಡುಗಿಯ ಸೋದರಮಾವ ದೂರವಾಣಿಯಲ್ಲಿ ಹೇಳಿದ ಮಾತನ್ನು ಹೀಗೆ ಊಹಿಸಬಹುದು: ‘ಪತ್ರ ಇಟ್ಟರೆ ಸಾಲ ಸಿಗುತ್ತದೆ ಭಾವ, ಅದನ್ನು ಬಿಡಿಸುವುದು ಯಾವಾಗ?’ ತಂದೆ ಉತ್ತರಿಸಲಿಲ್ಲ. ಆ ರಾತ್ರಿ ಮಗಳೇ ಕಾಗದ ತೆಗೆದುಕೊಂಡು ಎರಡೂ ಲೆಕ್ಕಗಳನ್ನು ಬರೆದಳು. ಅವಳಿಗೆ ಅಳು ಬಂದಿರಲೂಬಹುದು. ಹದಿನೆಂಟರ ವಯಸ್ಸಿನಲ್ಲಿ ಅದು ಸಹಜ. ಜೂನ್ ತಿಂಗಳ ಕೊನೆಗೆ ಅವಳು ಮುಂಬಯಿಯ ಅನುದಾನಿತ ಕಾಲೇಜಿಗೆ ಸೇರಿದಳು. ರಾಜ್ಯಶಾಸ್ತ್ರದ ಜೊತೆಗೆ ಇತಿಹಾಸವನ್ನು ಆರಿಸಿಕೊಂಡಳು. ಹನ್ನೆರಡು ಸಾವಿರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದಳು. ಜಾಗದ ಪತ್ರ ಪೆಟ್ಟಿಗೆಯಲ್ಲಿಯೇ ಉಳಿಯಿತು. ಮೂರು ವರ್ಷದ ಬಳಿಕ ಬರೆಯಬೇಕಾದ ಮಹಾರಾಷ್ಟ್ರದ ಕಾನೂನು ಪ್ರವೇಶ ಪರೀಕ್ಷೆಯ ಹೆಸರನ್ನು ಅವಳು ಅದೇ ಕಾಗದದ ಕೆಳಗೆ ಬರೆದು, ಅದರ ಮುಂದೆ ಶುಲ್ಕದ ಜಾಗವನ್ನು ಖಾಲಿ ಬಿಟ್ಟಳು.